ವೈದ್ಯ ಒಬ್ಬನೇ, ಮದ್ದು ಬೇರೆ: ಸಂತ ಅಗಸ್ಟೀನರ ಬದುಕು



ನಾವು ಅಂದ್ರೆ ಒಂದೇ ಫ್ಲಾಟಿನಲ್ಲಿ ಒಂದೇ ಅಡುಗೆಮನೆ ಹಂಚಿಕೊಂಡಿರುವ ಮೂರು ಜನ. ಮೂವರೂ ಊರಲ್ಲಿ ಎಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್ ಮಾಡೋಕೆ ಅಂತ ಜರ್ಮನಿಗೆ ಬಂದವರು. ಈ ಲೇಖನವನ್ನು ಕೂತು ಬರೆದದ್ದು ಒಬ್ಬರೇ ಆದರೂ ಅದು ಹುಟ್ಟಿದ್ದು ಮೂವರ ಮಾತಿನಲ್ಲಿ. ಹಾಗಾಗಿ ನಾವು ಅಂತಲೇ ಬರೀತಿದ್ದೇವೆ.

ನಮ್ಮಲ್ಲೊಬ್ಬ ಮಂಗಳೂರು ಕಡೆಯ ಕ್ರೈಸ್ತ ಕುಟುಂಬದವನು. ಕಳೆದ ಚಳಿಗಾಲದಲ್ಲಿ ಅವನು ವಿದ್ಯಾರ್ಥಿಗಳ ಒಂದು ಬೈಬಲ್ ಓದು ಗುಂಪಿಗೆ ಹೋಗೋಕೆ ಶುರು ಮಾಡಿದ. ಒಂದು ಗುರುವಾರ ರಾತ್ರಿ ವಾಪಸ್ ಬಂದವನು ಊಟ ಬೇಡ ಅಂದ. ಅವತ್ತು ಓದಿದ್ದು ಹಳೆಯ ಒಡಂಬಡಿಕೆಯಲ್ಲಿ ಬರುವ ಸಮುವೇಲನ ಮೊದಲನೆಯ ಪುಸ್ತಕದ 15ನೇ ಅಧ್ಯಾಯ. ಅಲ್ಲಿ ಪ್ರವಾದಿ ಸಮುವೇಲ ದೇವರ ಹೆಸರಿನಲ್ಲಿ ಸೌಲ ರಾಜನಿಗೆ ಒಂದು ಅಪ್ಪಣೆ ಕೊಡುತ್ತಾನೆ. ಅಮಾಲೇಕ್ಯರನ್ನು ಪೂರ್ತಿ ನಾಶ ಮಾಡಬೇಕು. ಹೆಂಗಸರು, ಮಕ್ಕಳು, ಮೊಲೆ ಕುಡಿಯುವ ಕೂಸುಗಳು, ದನಕುರಿ ಯಾವುದನ್ನೂ ಉಳಿಸಬಾರದು. ಸೌಲ ಶತ್ರುರಾಜನನ್ನೂ ಒಳ್ಳೊಳ್ಳೆಯ ದನಕುರಿಗಳನ್ನೂ ಉಳಿಸಿಕೊಂಡಾಗ, ಇವನನ್ನು ರಾಜನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟ ಅಂತ ಬರುತ್ತದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ, ಪಶ್ಚಾತ್ತಾಪಪಡೋಕೆ ದೇವರೇನು ಮನುಷ್ಯನಲ್ಲ ಅಂತಲೂ ಬರುತ್ತದೆ.

ಚಿಕ್ಕಂದಿನಿಂದ ಅವನು ಕೇಳಿದ್ದು ಶತ್ರುವನ್ನೂ ಪ್ರೀತಿಸಬೇಕು ಅಂದ ಯೇಸುವಿನ ಮಾತು. ಆ ದೇವರೂ ಈ ದೇವರೂ ಒಬ್ಬನೇನಾ? ಒಬ್ಬನೇ ಆದರೆ ಇದನ್ನು ಒಪ್ಪೋದು ಹೇಗೆ? ಮುಂದಿನ ಭಾನುವಾರ ಅವನು ಚರ್ಚಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪ್ರತಿ ಭಾನುವಾರ ಸಂಜೆ ಊರಿನಿಂದ ಅಮ್ಮನ ಫೋನ್ ಬರುತ್ತದೆ, ಬಲಿಪೂಜೆಗೆ ಹೋಗಿದ್ಯಾ ಅಂತ ಕೇಳ್ತಾರೆ. ಇವನು ಹೋಗಿದ್ದೆ ಅಂತಾನೆ. ನಾವಿಬ್ಬರು ಪಕ್ಕದಲ್ಲೇ ಪಾತ್ರೆ ತೊಳೀತಾ ಕೇಳಿಸಿಕೊಳ್ಳದವರ ಹಾಗೆ ಇರ್ತಿದ್ದೆವು.

ನಾವಿಬ್ಬರು ಕ್ರೈಸ್ತರಲ್ಲ, ಅವನಿಗೆ ಉತ್ತರ ಹೇಳುವ ಅರ್ಹತೆ ನಮಗಿಲ್ಲ. ಎಂಜಿನಿಯರ್‌ಗಳಿಗೆ ಗೊತ್ತಿರೋದು ಒಂದೇ: ತೊಂದರೆ ಬಂದಾಗ ಇದೇ ತೊಂದರೆ ಮುಂಚೆ ಯಾರಿಗಾದರೂ ಬಂದಿತ್ತಾ ಅಂತ ಹುಡುಕೋದು. ಲೈಬ್ರರಿಯಲ್ಲಿ ಹುಡುಕಿದೆವು. ಬಂದಿತ್ತು. ಅದೂ 1600 ವರ್ಷಗಳ ಹಿಂದೆ, ನಮ್ಮ ವಯಸ್ಸಿನ ಒಬ್ಬ ಹುಡುಗನಿಗೆ. ಅವನೂ ಓದೋಕೆ ಊರು ಬಿಟ್ಟವನು, ಅವನೂ ಅಮ್ಮನಿಗೆ ಸುಳ್ಳು ಹೇಳಿದವನು. ಮುಂದೆ ಅವನೇ ಸಂತ ಅಗಸ್ಟೀನ್ ಅಂತ ಪ್ರಸಿದ್ಧನಾದ. ನಮ್ಮ ವಯಸ್ಸಿನವನಾಗಿ ಇರುವವರೆಗೆ ಅವನನ್ನು ಏಕವಚನದಲ್ಲೇ ಕರೆಯುತ್ತೇವೆ. ದೊಡ್ಡವರಾದ ಮೇಲೆ ಬಹುವಚನ. ಓದುಗರು ಕ್ಷಮಿಸಬೇಕು.

ಥಗಾಸ್ತೆಯಿಂದ ಕಾರ್ಥೇಜ್‌ಗೆ

ಅಗಸ್ಟೀನ್ ಹುಟ್ಟಿದ್ದು 354ರ ನವೆಂಬರ್ 13ರಂದು, ಉತ್ತರ ಆಫ್ರಿಕಾದ ಥಗಾಸ್ತೆ ಎಂಬ ಸಣ್ಣ ಊರಲ್ಲಿ. ಇವತ್ತು ಅದು ಅಲ್ಜೀರಿಯಾದ ಸೂಕ್ ಅಹ್ರಾಸ್. ಆಗ ಅದು ರೋಮ್ ಸಾಮ್ರಾಜ್ಯದ ಭಾಗ. ಅಪ್ಪ ಪೆಟ್ರಿಷಿಯಸ್ ಊರಿನ ಆಡಳಿತ ಮಂಡಳಿಯ ಸದಸ್ಯ, ಹಳೆಯ ರೋಮನ್ ದೇವತೆಗಳನ್ನು ನಂಬಿಕೊಂಡಿದ್ದವನು. ಅಮ್ಮ ಮೋನಿಕಾ ಕ್ರೈಸ್ತಳು. ಹೆಸರಿಗೆ ಮರ್ಯಾದೆಯ ಮನೆತನ, ಕೈಯಲ್ಲಿ ದುಡ್ಡು ಕಮ್ಮಿ. ಮಗನನ್ನು ಓದಿಸಲೇಬೇಕು ಅನ್ನೋ ಹಟ ಇಬ್ಬರಿಗೂ ಇತ್ತು. ಫೀಸಿಗೆ ದುಡ್ಡು ಹೊಂದಿಸಲಾಗದೆ 16ನೇ ವಯಸ್ಸಿನಲ್ಲಿ ಹುಡುಗ ಒಂದು ವರ್ಷ ಮನೆಯಲ್ಲೇ ಖಾಲಿ ಕೂತ. ಗೆಳೆಯರ ಜೊತೆ ಸೇರಿ ಪಕ್ಕದವರ ಪೇರ್ ಹಣ್ಣು ಕದ್ದು ಹಂದಿಗಳಿಗೆ ಎಸೆದದ್ದು ಆಗಲೇ. ಹಸಿವಿಗಲ್ಲ, ಕದಿಯೋ ಖುಷಿಗೆ ಕದ್ದದ್ದು ಅನ್ನೋದು ಅವನನ್ನು ವರ್ಷಗಳ ನಂತರವೂ ಕಾಡಿತು.

ಊರಿನ ಶ್ರೀಮಂತ ರೊಮಾನಿಯಾನಸ್ ಸಹಾಯ ಮಾಡಿದ. ಒಂದು ಥರ ಸ್ಕಾಲರ್‌ಶಿಪ್ ಅನ್ನಿ. ಅಗಸ್ಟೀನ್ ಕಾರ್ಥೇಜ್ ಎಂಬ ಮಹಾನಗರ ಸೇರಿದ. ಓದಿದ್ದು ವಾಕ್ಚಾತುರ್ಯದ ವಿದ್ಯೆ. ಆ ಕಾಲದಲ್ಲಿ ಕೋರ್ಟು, ಸರ್ಕಾರಿ ಕೆಲಸ ಎಲ್ಲಕ್ಕೂ ಅದೇ ದಾರಿ. ಅಷ್ಟರಲ್ಲಿ ಅಪ್ಪ ತೀರಿಕೊಂಡ. ಅಲ್ಲೇ ಒಬ್ಬ ಹುಡುಗಿಯ ಜೊತೆ ಬಾಳೋಕೆ ಶುರು ಮಾಡಿದ, ಅದೇಯೊದಾಟಸ್ ಅಂತ ಒಬ್ಬ ಮಗ ಹುಟ್ಟಿದ. ಆ ಹೆಸರಿನ ಅರ್ಥ ದೇವರು ಕೊಟ್ಟವನು, ನಮ್ಮಲ್ಲಿ ದೇವದತ್ತ ಅಂದ ಹಾಗೆ. ಇಪ್ಪತ್ತು ತುಂಬುವ ಮುಂಚೆಯೇ ಸಂಸಾರಸ್ಥ.

19ನೇ ವಯಸ್ಸಿನಲ್ಲಿ ಸಿಲಬಸ್ಸಿನ ಭಾಗವಾಗಿ ಸಿಸೆರೊ ಬರೆದ ಒಂದು ಪುಸ್ತಕ ಕೈಗೆ ಬಂತು. ಅದನ್ನು ಓದಿ ಸತ್ಯ ಏನು ಅಂತ ತಿಳಿಯಲೇಬೇಕು ಅನ್ನೋ ಹುಚ್ಚು ಹಿಡಿಯಿತು. ಅಮ್ಮನ ಬೈಬಲ್ ತೆಗೆದು ನೋಡಿದ. ತೀರಾ ನಿರಾಸೆ. ಹಳೆಯ ಲ್ಯಾಟಿನ್ ಅನುವಾದದ ಭಾಷೆ ಒರಟು, ಸಿಸೆರೊ ಓದಿದ ಕಿವಿಗೆ ಹಿಡಿಸಲಿಲ್ಲ. ಒಳಗಿನ ಕಥೆಗಳು ಇನ್ನೂ ಕಷ್ಟ. ಹಲವು ಹೆಂಡಿರ ಗಂಡಂದಿರು ನೀತಿವಂತರಂತೆ, ಪ್ರಾಣಿಬಲಿ ಕೊಟ್ಟವರು, ಮನುಷ್ಯರನ್ನು ಕೊಂದವರು ದೇವರಿಗೆ ಪ್ರಿಯರಂತೆ. ಮನುಷ್ಯನನ್ನು ದೇವರ ರೂಪದಲ್ಲಿ ಮಾಡಿದ ಅಂತ ಇದೆ, ಹಾಗಾದ್ರೆ ದೇವರಿಗೂ ಕೂದಲು, ಉಗುರು ಇದೆಯಾ? ಈ ಪ್ರಶ್ನೆಗಳಿಗೆ ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ಬೇರೆ ಕೆಲವರ ಹತ್ತಿರ ಇತ್ತು.

ಒಂಬತ್ತು ವರ್ಷದ ಉತ್ತರ

ಅವರೇ ಮಾನಿಯ ಅನುಯಾಯಿಗಳು. ಮಾನಿ ಮೂರನೇ ಶತಮಾನದಲ್ಲಿ ಮೆಸೊಪೊಟೇಮಿಯಾದಲ್ಲಿ ಬದುಕಿದ್ದ ಧರ್ಮಗುರು. ಅವನ ಪ್ರಕಾರ ಜಗತ್ತಿನಲ್ಲಿ ಎರಡು ಶಕ್ತಿಗಳು, ಬೆಳಕು ಮತ್ತು ಕತ್ತಲೆ. ಎರಡೂ ಅನಾದಿ, ಎರಡಕ್ಕೂ ಯುದ್ಧ. ಕೆಟ್ಟದ್ದು ಎಲ್ಲಿಂದ ಬಂತು ಅಂದರೆ ಕತ್ತಲೆಯಿಂದ, ಮುಗೀತು. ಹಳೆಯ ಒಡಂಬಡಿಕೆಯ ಸಿಟ್ಟಿನ ದೇವರು ಬೆಳಕಿನ ದೇವರಲ್ಲವೇ ಅಲ್ಲ, ಹಾಗಾಗಿ ಆ ಪುಸ್ತಕಗಳನ್ನೇ ಬಿಟ್ಟುಬಿಡಿ ಅಂತ ಅವರ ಬೋಧನೆ.

ಈ ಥರದ ಉತ್ತರ ಕೊಟ್ಟವರಲ್ಲಿ ಇವರೇ ಮೊದಲಿಗರಲ್ಲ. ಎರಡನೇ ಶತಮಾನದಲ್ಲೇ ಕಪ್ಪು ಸಮುದ್ರದ ತೀರದ ಸಿನೋಪೆ ಊರಿನ ಮಾರ್ಸಿಯನ್ ಎಂಬವನು, ಯೆಹೂದ್ಯರ ಗ್ರಂಥದ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂತ ಸಾರಿದ್ದ. ಹಳೆಯ ಒಡಂಬಡಿಕೆಯನ್ನು ಪೂರ್ತಿ ಕೈಬಿಟ್ಟು, ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ, ಅವನ್ನೂ ತಿದ್ದಿ ಇಟ್ಟುಕೊಂಡಿದ್ದ. ರೋಮ್‌ನ ಸಭೆ ಅವನನ್ನು 144ರಲ್ಲಿ ಹೊರಗೆ ಹಾಕಿತು.

ಅಗಸ್ಟೀನನಿಗೆ ಮಾನಿಯವರ ಉತ್ತರ ಹಿಡಿಸಿತು. ಒಂಬತ್ತು ವರ್ಷ ಅವರ ಶಿಷ್ಯನಾಗಿದ್ದ. ಓದು ಮುಗಿಸಿ ಊರಿಗೆ ಮೇಷ್ಟ್ರಾಗಿ ಹೋದಾಗ ಮೋನಿಕಾ ಈ ಮತದ ಮಗನನ್ನು ಮನೆಯೊಳಗೆ ಸೇರಿಸಲು ಒಪ್ಪಲಿಲ್ಲ. ಆಮೇಲೆ ಒಂದು ಕನಸು ಕಂಡು ಸಮಾಧಾನವಾಗಿ ಒಳಗೆ ಕರೆದುಕೊಂಡಳು. ಒಬ್ಬ ಬಿಷಪ್ಪರ ಹತ್ತಿರ ಹೋಗಿ, ಇವನ ಜೊತೆ ವಾದ ಮಾಡಿ ಸರಿ ಮಾಡಿ ಅಂತ ಗೋಗರೆದಳು. ಅವರು ಒಪ್ಪಲಿಲ್ಲ. ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಸುಮ್ಮನೆ ಬಿಡಿ, ಓದ್ತಾ ಓದ್ತಾ ಅವನಿಗೇ ಗೊತ್ತಾಗುತ್ತದೆ ಅಂದರು.

ಹಾಗೇ ಆಯಿತು. ಅಗಸ್ಟೀನ್ ಮತ್ತೆ ಕಾರ್ಥೇಜ್‌ಗೆ ಹೋಗಿ ಪಾಠ ಮಾಡುತ್ತಿದ್ದಾಗ ಖಗೋಳಶಾಸ್ತ್ರಜ್ಞರ ಪುಸ್ತಕಗಳನ್ನು ಓದಿದ. ಅವರು ಗ್ರಹಣ ಯಾವ ದಿನ, ಯಾವ ಗಂಟೆಗೆ ಅಂತ ವರ್ಷಗಳ ಮುಂಚೆ ಲೆಕ್ಕ ಹಾಕುತ್ತಿದ್ದರು, ಲೆಕ್ಕ ಸರಿಯಾಗುತ್ತಿತ್ತು. ಸೂರ್ಯಚಂದ್ರರ ಬಗ್ಗೆ ಮಾನಿ ಬರೆದದ್ದು ಆ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕೇಳಿದರೆ, ಫೌಸ್ಟಸ್ ಎಂಬ ದೊಡ್ಡ ಗುರು ಬರ್ತಾರೆ, ಅವರು ಹೇಳ್ತಾರೆ ಅಂತ ಸಮಜಾಯಿಷಿ. ಫೌಸ್ಟಸ್ ಬಂದ. ಸೊಗಸಾದ ಮಾತುಗಾರ. ಆದರೆ ಪ್ರಶ್ನೆ ಕೇಳಿದಾಗ, ಅದು ತನಗೆ ಗೊತ್ತಿಲ್ಲ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಆ ಪ್ರಾಮಾಣಿಕತೆ ಅಗಸ್ಟೀನನಿಗೆ ಇಷ್ಟವಾಯಿತು, ನಂಬಿಕೆ ಮಾತ್ರ ಕುಸಿಯಿತು.

ಇನ್ನೊಂದು ವಿಷಯವೂ ಚುಚ್ಚುತ್ತಿತ್ತು. ಹೊಸ ಒಡಂಬಡಿಕೆಯಲ್ಲೂ ತಮಗೆ ಹೊಂದದ ಸಾಲು ಸಿಕ್ಕರೆ, ಅದನ್ನು ಯಾರೋ ಆಮೇಲೆ ಸೇರಿಸಿದ್ದು ಅಂತ ಮಾನಿಯವರು ಹೇಳುತ್ತಿದ್ದರು. ಹಾಗಾದ್ರೆ ಕಲಬೆರಕೆಯಿಲ್ಲದ ಪ್ರತಿ ಎಲ್ಲಿ ಅಂದರೆ ತೋರಿಸುತ್ತಿರಲಿಲ್ಲ. ಲ್ಯಾಬಿನಲ್ಲಿ ಗ್ರಾಫಿಗೆ ಕೂರದ ರೀಡಿಂಗ್‌ಗಳನ್ನು ಅಳಿಸಿ ನೇರ ಗೆರೆ ಎಳೆದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಗೆರೆ ಚೆನ್ನಾಗಿ ಬರುತ್ತದೆ ನಿಜ, ಆದರೆ ಅದು ಯಾವುದರ ಗೆರೆ?

ಬಂದರಿನಲ್ಲಿ ಹೇಳಿದ ಸುಳ್ಳು

383ರಲ್ಲಿ, 28ರ ವಯಸ್ಸಿನಲ್ಲಿ, ಅಗಸ್ಟೀನ್ ರೋಮ್‌ಗೆ ಹೊರಟ. ಕಾರ್ಥೇಜಿನ ವಿದ್ಯಾರ್ಥಿಗಳು ಪುಂಡರು, ಯಾರ್ಯಾರದ್ದೋ ತರಗತಿಗೆ ನುಗ್ಗಿ ಗಲಾಟೆ ಮಾಡುವವರು. ರೋಮ್‌ನಲ್ಲಿ ಹಾಗಿಲ್ಲ ಅಂತ ಕೇಳಿದ್ದ. ಮೋನಿಕಾ ಬಂದರಿನವರೆಗೂ ಹಿಂದೆಯೇ ಬಂದಳು: ಹೋಗಬೇಡ, ಇಲ್ಲ ನನ್ನನ್ನೂ ಕರೆದುಕೊಂಡು ಹೋಗು. ಒಬ್ಬ ಗೆಳೆಯನನ್ನು ಕಳಿಸೋಕೆ ಬಂದಿದ್ದೇನೆ, ಗಾಳಿ ಬರುವವರೆಗೆ ಅವನ ಜೊತೆ ಇರುತ್ತೇನೆ ಅಂತ ಮಗ ಸುಳ್ಳು ಹೇಳಿದ. ಅಮ್ಮನನ್ನು ಹತ್ತಿರದ ಸಂತ ಸಿಪ್ರಿಯಾನರ ಸ್ಮಾರಕ ಗುಡಿಯಲ್ಲಿ ರಾತ್ರಿ ಕಳೆಯಲು ಒಪ್ಪಿಸಿದ. ಅವಳು ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ಹಡಗು ಹೊರಟಿತು. ಬೆಳಗ್ಗೆ ಎದ್ದು ಬಂದ ತಾಯಿಗೆ ಕಂಡದ್ದು ಖಾಲಿ ದಡ.

ನಾವು ಬೆಂಗಳೂರು ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳಿಕೊಂಡು ಗಾಜಿನ ಬಾಗಿಲು ದಾಟಿದ್ದು ನೆನಪಾಯಿತು. ನಮಗೆ ತಿರುಗಿ ಕೈ ಬೀಸುವ ಅವಕಾಶವಾದರೂ ಇತ್ತು.

ರೋಮ್‌ನಲ್ಲಿ ಕಾಯಿಲೆ ಬಿದ್ದ. ಅಲ್ಲಿನ ವಿದ್ಯಾರ್ಥಿಗಳು ಸಭ್ಯರೇನೋ ಹೌದು, ಆದರೆ ಫೀಸು ಕೊಡುವ ದಿನ ಬಂದಾಗ ಎಲ್ಲರೂ ಒಟ್ಟಿಗೆ ಬೇರೆ ಮೇಷ್ಟ್ರ ಹತ್ತಿರ ಹೋಗಿಬಿಡುತ್ತಿದ್ದರು! ಮುಂದಿನ ವರ್ಷ ರೋಮ್‌ನ ಆಡಳಿತಾಧಿಕಾರಿ ಸಿಮ್ಮಾಕಸ್‌ನ ಶಿಫಾರಸ್ಸಿನಿಂದ ಮಿಲಾನ್‌ನಲ್ಲಿ ಸರ್ಕಾರಿ ಪ್ರಾಧ್ಯಾಪಕನ ಕೆಲಸ ಸಿಕ್ಕಿತು. ಚಕ್ರವರ್ತಿಯ ಆಸ್ಥಾನ ಇದ್ದ ಊರು. ಭಾಷೆಯ ಮೇಷ್ಟ್ರೇ ಆದರೂ ಅವನ ಆಫ್ರಿಕಾದ ಉಚ್ಚಾರಣೆಯನ್ನು ಇಟಲಿಯವರು ಆಡಿಕೊಳ್ಳುತ್ತಿದ್ದರು. ಪ್ರೆಸೆಂಟೇಶನ್ ಕೊಡುವಾಗ ನಮ್ಮ ಉಚ್ಚಾರಣೆ ಕೇಳಿ ಯಾರಾದರೂ ಹುಬ್ಬೇರಿಸಿದರೆ ಇನ್ನು ಮೇಲೆ ಬೇಜಾರಿಲ್ಲ, ಒಳ್ಳೆಯ ಜೊತೆಯೇ ಇದೆ.

ಮಿಲಾನ್‌ನ ಬಿಷಪ್ ಆಂಬ್ರೋಸ್ ದೊಡ್ಡ ಭಾಷಣಕಾರ. ಅಗಸ್ಟೀನ್ ಕೇಳೋಕೆ ಹೋದದ್ದು ಶೈಲಿಗಾಗಿ, ವಿಷಯಕ್ಕಲ್ಲ. ಆದರೆ ಶೈಲಿಯ ಜೊತೆ ವಿಷಯವೂ ಒಳಗೆ ಇಳಿಯಿತು. ಹಳೆಯ ಒಡಂಬಡಿಕೆಯ ಯಾವ ಭಾಗಗಳನ್ನು ಅಕ್ಷರಶಃ ತೆಗೆದುಕೊಂಡು ಇವನು ಮುಗ್ಗರಿಸಿದ್ದನೋ, ಅವುಗಳ ಪರದೆ ಸರಿಸಿ ಒಳಗಿನ ಅರ್ಥವನ್ನು ಆಂಬ್ರೋಸ್ ತೋರಿಸುತ್ತಿದ್ದರು. ದೇವರ ರೂಪ ಅಂದರೆ ಕೂದಲು, ಉಗುರು ಅಂತ ಯಾವ ವಿದ್ಯಾವಂತ ಕ್ರೈಸ್ತನೂ ನಂಬುವುದಿಲ್ಲ ಅಂತ ಗೊತ್ತಾದಾಗ ಅಗಸ್ಟೀನನಿಗೆ ಖುಷಿಯ ಜೊತೆ ನಾಚಿಕೆಯೂ ಆಯಿತು. ಇಷ್ಟು ವರ್ಷ ತಾನು ಬೈದದ್ದು ಅವರು ಹೇಳದೇ ಇದ್ದ ಮಾತನ್ನು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇವೆ. ಮೋನಿಕಾ ಸಮುದ್ರ ದಾಟಿ ಮಗನ ಹತ್ತಿರ ಬಂದಳು. ಅಂತಸ್ತಿಗೆ ತಕ್ಕ ಮದುವೆ ಗೊತ್ತು ಮಾಡಿದಳು. ಅದಕ್ಕಾಗಿ ಅಷ್ಟು ವರ್ಷ ಜೊತೆಗಿದ್ದ ಹೆಂಗಸನ್ನು ಆಫ್ರಿಕಾಕ್ಕೆ ವಾಪಸ್ ಕಳಿಸಿದರು. ಅವಳು ಮಗನನ್ನು ಅಪ್ಪನ ಹತ್ತಿರವೇ ಬಿಟ್ಟು ಹೋದಳು. ತನ್ನ ಬಗ್ಗೆ ಏನೆಲ್ಲ ಬರೆದುಕೊಂಡ ಅಗಸ್ಟೀನ್ ಅವಳ ಹೆಸರನ್ನು ಎಲ್ಲೂ ಬರೆದಿಲ್ಲ. ಇದನ್ನು ಓದಿ ನಮ್ಮ ಮೂವರಿಗೂ ಕಸಿವಿಸಿಯಾಯಿತು. ಗೊತ್ತಾದ ಮದುವೆಯೂ ನಡೆಯಲಿಲ್ಲ. 386ರಲ್ಲಿ ಒಂದು ದಿನ ತೋಟದಲ್ಲಿ ಅಳುತ್ತಾ ಕೂತಿದ್ದಾಗ, ತೆಗೆದು ಓದು ಅಂತ ಮಗುವಿನ ದನಿಯೊಂದು ಹಾಡಿದಂತೆ ಕೇಳಿಸಿ, ಪೌಲನು ರೋಮನರಿಗೆ ಬರೆದ ಪತ್ರ ತೆರೆದು ಓದಿದ. ಒಳಗಿನ ಹೋರಾಟ ಅಲ್ಲಿಗೆ ನಿಂತಿತು. 387ರ ಈಸ್ಟರ್ ಹಬ್ಬದಲ್ಲಿ ಆಂಬ್ರೋಸ್ ಅಪ್ಪಮಗ ಇಬ್ಬರಿಗೂ ದೀಕ್ಷಾಸ್ನಾನ ಕೊಟ್ಟರು. ಅದೇ ವರ್ಷ, ಊರಿಗೆ ಹೊರಟ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ಮೋನಿಕಾ ತೀರಿಕೊಂಡಳು. ಒಂದು ಬಂದರಿನಲ್ಲಿ ಮಗ ಬಿಟ್ಟು ಹೋಗಿದ್ದ, ಇನ್ನೊಂದು ಬಂದರಿನಲ್ಲಿ ಅಮ್ಮ.

ವೈದ್ಯನ ಕಥೆ

ಆಫ್ರಿಕಾಕ್ಕೆ ವಾಪಸ್ಸಾದ ಕೆಲವೇ ವರ್ಷಗಳಲ್ಲಿ ಮಗನೂ ತೀರಿಕೊಂಡ, ಇನ್ನೂ ಹದಿಹರೆಯದ ಹುಡುಗ. 391ರಲ್ಲಿ ಹಿಪ್ಪೋ ಎಂಬ ಬಂದರು ಪಟ್ಟಣಕ್ಕೆ ಹೋಗಿದ್ದಾಗ ಜನ ಹಿಡಿದು ಒತ್ತಾಯದಿಂದ ಅಗಸ್ಟೀನರನ್ನು ಪಾದ್ರಿಯಾಗಿಸಿದರು. ಆ ಊರು ಇವತ್ತಿನ ಅಲ್ಜೀರಿಯಾದ ಅನ್ನಾಬಾ. ನಾಲ್ಕೈದು ವರ್ಷಕ್ಕೆ ಬಿಷಪ್ ಆದರು, ಸಾಯುವವರೆಗೂ ಅಲ್ಲೇ ಉಳಿದರು.

ಈಗ ಹಳೆಯ ಪ್ರಶ್ನೆಗಳು ತಿರುಗಿ ಬಂದವು, ಈ ಸಲ ಉತ್ತರ ಹೇಳಬೇಕಾದವರು ಇವರೇ. ಮಾನಿಯ ಶಿಷ್ಯ ಅದಿಮಾಂತಸ್ ಎಂಬವನು ಎರಡೂ ಒಡಂಬಡಿಕೆಗಳಿಂದ ಒಂದಕ್ಕೊಂದು ಹೊಂದದ ಮಾತುಗಳನ್ನು ಜೋಡಿ ಜೋಡಿಯಾಗಿ ಇಟ್ಟು ಒಂದು ಪುಸ್ತಕ ಬರೆದಿದ್ದ. ಅಗಸ್ಟೀನರು ಆ ಜೋಡಿಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರಿಸಿದರು. ಕಣ್ಣಿಗೆ ಕಣ್ಣು ಅನ್ನುವ ನಿಯಮ ಸೇಡು ತೀರಿಸಿಕೊಳ್ಳಲು ಕೊಟ್ಟ ಪ್ರಚೋದನೆಯಲ್ಲ, ಸೇಡಿಗೆ ಹಾಕಿದ ಮಿತಿ ಅಂತ ಅವರ ವಿವರಣೆ. ಒಂದು ಕಣ್ಣು ಕಳೆದುಕೊಂಡವನು ಶತ್ರುವಿನ ಮನೆಯನ್ನೇ ಸುಡುವ ಕಾಲದಲ್ಲಿ, ಒಂದಕ್ಕೆ ಒಂದೇ, ಹೆಚ್ಚಿಲ್ಲ ಅನ್ನೋದೇ ದೊಡ್ಡ ಹೆಜ್ಜೆ. ಯೇಸು ಆ ಮಿತಿಯನ್ನು ಸೊನ್ನೆಗೆ ಇಳಿಸಿದ. ದಿಕ್ಕು ಒಂದೇ.

ಹಳೆಯದರಲ್ಲಿ ಬರೀ ಸಿಟ್ಟು, ಹೊಸದರಲ್ಲಿ ಬರೀ ಪ್ರೀತಿ ಅನ್ನೋದೂ ಸರಿಯಲ್ಲ ಅಂದರು. ನಾವೂ ಪುಟ ತಿರುವಿ ನೋಡಿದೆವು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನೋದು ಮೊದಲು ಬರೋದು ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ. ನಮ್ಮ ಗೆಳೆಯನ ಊಟ ಬಿಡಿಸಿದ ಅದೇ ಸಮುವೇಲನ ಪುಸ್ತಕದಲ್ಲಿ, ತನ್ನನ್ನು ಕೊಲ್ಲಲು ಬೆನ್ನಟ್ಟಿದ ಸೌಲ ಕೈಗೆ ಸಿಕ್ಕಿದರೂ ದಾವೀದ ಕೊಲ್ಲದೆ ಬಿಡುತ್ತಾನೆ. ಹೊಸದರಲ್ಲೋ, ಸುಳ್ಳು ಹೇಳಿದ ಅನನೀಯ, ಸಪ್ಫೈರ ಎಂಬ ಗಂಡಹೆಂಡತಿ ಪೇತ್ರನ ಎದುರೇ ಬಿದ್ದು ಸಾಯುತ್ತಾರೆ. ಯೋನನ ಪುಸ್ತಕದಲ್ಲಿ ನಿನೆವೆ ಎಂಬ ಶತ್ರುನಗರವನ್ನು, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ ಇದ್ದಾರೆ, ದನಕರುಗಳೂ ಇವೆ ಅಂತ ದೇವರು ಉಳಿಸುತ್ತಾನೆ. ತಮಾಷೆ ಅಂದರೆ, ಇದೇ ಯೋನನಿಗೆ ನೆರಳು ಕೊಟ್ಟ ಗಿಡ ಸೋರೆಯೋ ಐವಿಯೋ ಅಂತ ಅಗಸ್ಟೀನರ ಕಾಲದಲ್ಲಿ ಒಂದು ಊರಿನ ಚರ್ಚಿನಲ್ಲಿ ಗಲಾಟೆಯೇ ಆಗಿತ್ತು. ಜೆರೋಮ್ ಮಾಡಿದ ಹೊಸ ಅನುವಾದದಲ್ಲಿ ಗಿಡದ ಹೆಸರು ಬದಲಾಗಿತ್ತು. ಅಗಸ್ಟೀನರೇ ಜೆರೋಮ್‌ಗೆ ಬರೆದ ಪತ್ರದಲ್ಲಿ ಇದನ್ನು ಹೇಳಿದ್ದಾರೆ. ಕರುಣೆಯ ಕಥೆ ಕೇಳಿ ಗಿಡದ ಹೆಸರಿಗೆ ಜಗಳ!

ನಮ್ಮ ಗೆಳೆಯನ ಪ್ರಶ್ನೆಗೆ ನೇರ ಉತ್ತರವೂ ಸಿಕ್ಕಿತು. ಮಿಲಾನ್‌ನ ಹಿರಿಯ ಪಾದ್ರಿ ಸಿಂಪ್ಲಿಸಿಯಾನಸ್ ಕೇಳಿದ ಪ್ರಶ್ನೆಗಳಿಗೆ 396ರ ಸುಮಾರಿಗೆ ಅಗಸ್ಟೀನರು ಉತ್ತರ ಬರೆದರು. ಅದರಲ್ಲಿ ಒಂದು, ಸೌಲನನ್ನು ರಾಜನಾಗಿಸಿದ್ದಕ್ಕೆ ದೇವರು ಹೇಗೆ ಪಶ್ಚಾತ್ತಾಪಪಟ್ಟ ಅನ್ನೋದು. ಸಿಟ್ಟು, ಹೊಟ್ಟೆಕಿಚ್ಚು, ಪಶ್ಚಾತ್ತಾಪ ಇವೆಲ್ಲ ಮನುಷ್ಯರ ಪದಗಳು. ದೇವರ ಬಗ್ಗೆ ಬಳಸುವಾಗ ಅವುಗಳೊಳಗಿನ ಮನುಷ್ಯರ ತಳಮಳವನ್ನು ತೆಗೆದು ಓದಬೇಕು ಅಂತ ಅವರ ಮಾತು. ಅಷ್ಟೇ ಅಲ್ಲ, ದೇವರು ಬಲ್ಲ ಅನ್ನೋ ಪದ ಕೂಡ ಪೂರ್ತಿ ಸರಿಯಲ್ಲ, ನಮ್ಮ ಬಲ್ಲಿಕೆಯೇ ಬೇರೆ ಥರದ್ದು. ಆದರೂ ಮನುಷ್ಯರ ಜೊತೆ ಮಾತಾಡಲು ಮನುಷ್ಯರ ಪದಗಳೇ ಗತಿ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಒಬ್ಬ ವೈದ್ಯನ ಕಥೆ. 411ರ ಆಸುಪಾಸಿನಲ್ಲಿ ಮಾರ್ಸೆಲ್ಲಿನಸ್ ಎಂಬ ಸರ್ಕಾರಿ ಅಧಿಕಾರಿ, ಅಗಸ್ಟೀನರ ಗೆಳೆಯ, ಒಂದು ಪ್ರಶ್ನೆ ಕಳಿಸಿದ. ಹಿಂದೆ ಪ್ರಾಣಿಬಲಿ ಬೇಕು ಅಂದ ದೇವರು ಆಮೇಲೆ ಬೇಡ ಅಂದ, ಹಾಗಾದರೆ ದೇವರ ಮನಸ್ಸು ಬದಲಾಯಿತಾ ಅಂತ ಜನ ಕೇಳುತ್ತಿದ್ದಾರೆ. ಅಗಸ್ಟೀನರು ಬರೆದ ಉತ್ತರದಲ್ಲಿ ವಿಂಡಿಸಿಯಾನಸ್ ಎಂಬ ಹೆಸರಾಂತ ವೈದ್ಯ ಬರುತ್ತಾನೆ. ಅವನು ಒಬ್ಬ ರೋಗಿಗೆ ಮದ್ದು ಕೊಟ್ಟ, ವಾಸಿಯಾಯಿತು. ಕೆಲವು ವರ್ಷಗಳ ನಂತರ ಅದೇ ಕಾಯಿಲೆ ಬಂದಾಗ ರೋಗಿ ಕೇಳದೆ ಅದೇ ಮದ್ದು ಹಾಕಿಕೊಂಡ, ಕಾಯಿಲೆ ಹೆಚ್ಚಾಯಿತು. ಓಡಿ ಬಂದು ಕೇಳಿದರೆ, ಈ ಸಲ ನಾನು ಹೇಳಿರಲಿಲ್ಲವಲ್ಲ, ಅದಕ್ಕೇ ಅಂದ ವೈದ್ಯ. ಇದೇನು ಮಾಟಮಂತ್ರವಾ ಅಂತ ಕೇಳಿದವರಿಗೆ ಆಮೇಲೆ ಬಿಡಿಸಿ ಹೇಳಿದ: ಈಗ ಅವನ ವಯಸ್ಸು ಬದಲಾಗಿದೆ, ಈ ವಯಸ್ಸಿಗೆ ನಾನು ಆ ಮದ್ದು ಹೇಳುತ್ತಲೇ ಇರಲಿಲ್ಲ. ವೈದ್ಯ ಬದಲಾಗಿಲ್ಲ, ವಿದ್ಯೆಯೂ ಬದಲಾಗಿಲ್ಲ, ರೋಗಿ ಬದಲಾಗಿದ್ದಾನೆ. ಮನುಷ್ಯಕುಲಕ್ಕೆ ದೇವರು ಹೇಳಿದ್ದೂ ಹಾಗೆ ಅಂತ ಅಗಸ್ಟೀನರ ಮಾತು.

ಈ ವಿಂಡಿಸಿಯಾನಸ್ ಅವರಿಗೆ ಹಳೆಯ ಪರಿಚಯ. ಕಾರ್ಥೇಜ್‌ನಲ್ಲಿ ಯುವಕ ಅಗಸ್ಟೀನ್ ಕವಿತೆಯ ಸ್ಪರ್ಧೆಯಲ್ಲಿ ಗೆದ್ದಾಗ, ಆಗ ಅಲ್ಲಿ ರಾಜ್ಯಪಾಲನಾಗಿದ್ದ ಇದೇ ವೈದ್ಯ ಅವನ ತಲೆಗೆ ಮಾಲೆ ತೊಡಿಸಿದ್ದ. ಜ್ಯೋತಿಷ್ಯದ ಹುಚ್ಚು ಬಿಡು ಅಂತ ಬುದ್ಧಿಯನ್ನೂ ಹೇಳಿದ್ದ.

ಕೇಳದೆ ಹಾಕಿದ ಮದ್ದು

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಗ್ರಾಫಿಗೆ ಕೂರದ ರೀಡಿಂಗ್ ಅಳಿಸಬಾರದು ಅಂತ ನಾವೇ ಮೇಲೆ ಬರೆದಿದ್ದೇವೆ.

ಆಗ ಆಫ್ರಿಕಾದ ಕ್ರೈಸ್ತರು ಎರಡು ಪಂಗಡವಾಗಿದ್ದರು. ನೂರು ವರ್ಷ ಹಿಂದೆ ರೋಮ್ ಸರ್ಕಾರದ ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿದ ಪಾದ್ರಿಗಳನ್ನು ಒಪ್ಪಬೇಕಾ ಬೇಡವಾ ಅನ್ನೋ ಜಗಳದಿಂದ ಹುಟ್ಟಿದ ಒಡಕು ಅದು. ಒಪ್ಪದವರು ಡೊನಾಟಿಸ್ಟರು. ಮೊದಮೊದಲು ಅಗಸ್ಟೀನರು, ವಾದದಿಂದ ಗೆಲ್ಲಬೇಕೇ ಹೊರತು ಬಲವಂತ ಬೇಡ ಅನ್ನುತ್ತಿದ್ದರು. ಆಮೇಲೆ ಬದಲಾದರು. ಚಕ್ರವರ್ತಿಯ ಕಾನೂನಿಗೆ ಹೆದರಿಯೇ ಊರಿಗೆ ಊರು ಒಂದಾದದ್ದನ್ನು ಕಂಡು, ಭಯವೂ ಒಂದು ಮದ್ದು ಅಂತ ಬರೆದರು. ಹುಚ್ಚು ಹಿಡಿದ ರೋಗಿಯನ್ನು ಕಟ್ಟಿಹಾಕುವ ವೈದ್ಯ, ಮಗನಿಗೆ ಹೊಡೆಯುವ ತಂದೆ ಪ್ರೀತಿಯಿಂದಲೇ ಹಾಗೆ ಮಾಡುವುದು ಅಂದರು. ಯೇಸುವಿನ ಔತಣದ ಕಥೆಯಲ್ಲಿ, ಜನರನ್ನು ಬಲವಂತ ಮಾಡಿಯಾದರೂ ಒಳಗೆ ಕರೆತನ್ನಿ ಅಂತ ಯಜಮಾನ ಹೇಳುವ ಮಾತನ್ನು ಆಧಾರವಾಗಿ ಇಟ್ಟುಕೊಂಡರು. 411ರಲ್ಲಿ ಕಾರ್ಥೇಜ್‌ನಲ್ಲಿ ಎರಡೂ ಕಡೆಯ ಬಿಷಪ್ಪರ ದೊಡ್ಡ ಸಭೆ ನಡೆಯಿತು. ತೀರ್ಪು ಕೊಟ್ಟ ಅಧಿಕಾರಿ ಮೇಲೆ ಹೇಳಿದ ಅದೇ ಮಾರ್ಸೆಲ್ಲಿನಸ್. ಡೊನಾಟಿಸ್ಟರಿಗೆ ದಂಡ ಬಿತ್ತು, ಅವರ ಚರ್ಚುಗಳು ಹೋದವು, ಪಾದ್ರಿಗಳು ಗಡೀಪಾರಾದರು. ಕೊಲೆ ಮಾಡಿದವರಿಗೂ ಮರಣದಂಡನೆ ಬೇಡ ಅಂತ ಅಗಸ್ಟೀನರು ಮಾರ್ಸೆಲ್ಲಿನಸ್‌ಗೆ ಬೇಡಿಕೊಂಡು ಪತ್ರ ಬರೆದರು, ಅದನ್ನೂ ಹೇಳಬೇಕು. ಆದರೆ ಅವರ ಬಲವಂತದ ವಾದವನ್ನು ಮುಂದಿನ ಶತಮಾನಗಳಲ್ಲಿ ಯೂರೋಪಿನ ರಾಜರು, ಬಿಷಪ್ಪರು ಎಷ್ಟೋ ಜನರ ಮೇಲೆ ಬಳಸಿದರು.

ನಮ್ಮ ಗೆಳೆಯ ಇಲ್ಲಿ ಪುಸ್ತಕ ಮುಚ್ಚಿಟ್ಟು ಒಂದು ಮಾತು ಹೇಳಿದ, ಅದೇ ಈ ಲೇಖನದ ಸಾರ. ವೈದ್ಯನ ಕಥೆಯಲ್ಲಿ ಅಗಸ್ಟೀನರು ದೇವರನ್ನು ವೈದ್ಯ ಅಂದರು. ಡೊನಾಟಿಸ್ಟರ ವಿಷಯ ಬಂದಾಗ ವೈದ್ಯನ ಕುರ್ಚಿಯಲ್ಲಿ ತಾವೇ ಕೂತರು. ಹಳೆಯ ಒಡಂಬಡಿಕೆಯ ಕಠಿಣ ಮದ್ದಿನ ಬಾಟಲಿಯನ್ನು ಕಪಾಟಿನಿಂದ ತೆಗೆದು, ಯಾರನ್ನೂ ಕೇಳದೆ ಇನ್ನೊಬ್ಬರಿಗೆ ಹಾಕಿದರು. ಕಥೆಯಲ್ಲಿ ಕಾಯಿಲೆ ಹೆಚ್ಚು ಮಾಡಿಕೊಂಡ ರೋಗಿ ಮಾಡಿದ್ದೂ ಅದನ್ನೇ ಅಲ್ವಾ? ದೇವರು ಯಾಕೆ ಅಷ್ಟು ಕಠಿಣ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಅನಿಸಿದ ತಕ್ಷಣ, ನಾವೂ ಕಠಿಣವಾಗಬಹುದು ಅನ್ನೋ ಧೈರ್ಯ ಬಂದುಬಿಡುತ್ತದೆ. ಅಮಾಲೇಕ್ಯರ ಕೂಸುಗಳ ಬಗ್ಗೆ ಸಮಾಧಾನ ಆಗದೆ ಇರೋದೇ ಒಳ್ಳೆಯದೇನೋ ಅಂದ ಅವನು.

ಇದನ್ನು ಅಳೆಯಲು ಒಂದು ಅಳತೆಗೋಲನ್ನು ಅಗಸ್ಟೀನರೇ ಕೊಟ್ಟಿದ್ದರು. ಬೈಬಲನ್ನು ಓದುವುದು ಹೇಗೆ ಅನ್ನೋ ಪುಸ್ತಕದಲ್ಲಿ, ಓದಿದ್ದು ದೇವರ ಮೇಲೂ ನೆರೆಯವನ ಮೇಲೂ ಪ್ರೀತಿ ಬೆಳೆಸದಿದ್ದರೆ ಓದಿದವನಿಗೆ ಅರ್ಥವೇ ಆಗಿಲ್ಲ ಅಂತ ಬರೆ‌ದಿದ್ದಾರೆ. ಅರ್ಥ ತಪ್ಪಿದರೂ ಪ್ರೀತಿಗೆ ತಲುಪಿದವನು ದಾರಿ ಬಿಟ್ಟು ಹೊಲದ ಮೂಲಕ ಅದೇ ಊರು ಸೇರಿದವನ ಹಾಗೆ. ಸರಿದಾರಿ ತೋರಿಸಬೇಕು, ಆದರೆ ಅವನು ತಲುಪಿದ್ದು ನಿಜ. ಅಳತೆಗೋಲು ಮಾಡಿದವರೇ ಒಂದು ಕಡೆ ಅಳೆಯಲು ಮರೆತರು ಅಂತ ನಮಗೆ ಅನಿಸುತ್ತದೆ.

ಗೋಡೆಯ ಮೇಲಿನ ಕೀರ್ತನೆಗಳು

410ರಲ್ಲಿ ರೋಮ್ ನಗರವನ್ನು ಗಾತ್‌ಗಳು ಲೂಟಿ ಮಾಡಿದ ನಂತರ ಅಗಸ್ಟೀನರು ದೇವರ ನಗರದ ಬಗ್ಗೆ 22 ಭಾಗಗಳ ದೊಡ್ಡ ಗ್ರಂಥ ಬರೆದು, ಅದನ್ನು ಮಾರ್ಸೆಲ್ಲಿನಸ್‌ಗೇ ಅರ್ಪಿಸಿದರು. ಆ ಮಾರ್ಸೆಲ್ಲಿನಸ್ ಒಂದು ದಂಗೆಯ ಆರೋಪದಲ್ಲಿ ಸಿಕ್ಕಿ 413ರಲ್ಲಿ ಸರ್ಕಾರದ ಕತ್ತಿಗೇ ಬಲಿಯಾದ. ವಯಸ್ಸಾದ ಮೇಲೆ ಅಗಸ್ಟೀನರು ಒಂದು ಅಪರೂಪದ ಕೆಲಸ ಮಾಡಿದರು. ತಾವು ಬರೆದ 93 ಕೃತಿಗಳನ್ನು ಮತ್ತೆ ಓದಿ, ಎಲ್ಲೆಲ್ಲಿ ತಪ್ಪಿದೆ ಅಂತ ಪಟ್ಟಿ ಮಾಡಿ ಒಂದು ಪುಸ್ತಕವನ್ನೇ ಬರೆದರು. ಬಲವಂತದ ವಿಷಯ ಮಾತ್ರ ತಿದ್ದಲಿಲ್ಲ. ಬಲವಂತ ಬೇಡ ಅಂದಿದ್ದ ಹಳೆಯ ಮಾತನ್ನೇ ಅನುಭವ ಇಲ್ಲದ ಕಾಲದ್ದು ಅಂದರು.

430ರಲ್ಲಿ ವ್ಯಾಂಡಲರ ಸೈನ್ಯ ಹಿಪ್ಪೋ ಪಟ್ಟಣವನ್ನು ಮುತ್ತಿತು. ಮುತ್ತಿಗೆಯ ಮೂರನೇ ತಿಂಗಳು ಅಗಸ್ಟೀನರು ಜ್ವರದಿಂದ ಮಲಗಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಹಾಕಿಸಿಕೊಂಡು, ಅವನ್ನೇ ಓದುತ್ತಾ ಅಳುತ್ತಿದ್ದರಂತೆ. ಹತ್ತು ದಿನ ಯಾರೂ ಬರಬೇಡಿ ಅಂದರು. ಆಗಸ್ಟ್ 28ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಕೀರ್ತನೆಗಳು ಹಳೆಯ ಒಡಂಬಡಿಕೆಯವು. 19ರ ಹುಡುಗ ಒರಟು ಅಂತ ಪಕ್ಕಕ್ಕಿಟ್ಟ ಪುಸ್ತಕ ಕೊನೆಗೆ ಗೋಡೆಯ ಮೇಲೆ ಇತ್ತು.

ನಮ್ಮ ಗೆಳೆಯನ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಆದರೆ ಒಂದು ಭಾನುವಾರ ಸಂಜೆ ಅಮ್ಮನ ಫೋನ್ ಬಂದಾಗ, ಆರು ವಾರದಿಂದ ಚರ್ಚಿಗೆ ಹೋಗಿಲ್ಲ, ಹೋಗಿದ್ದೆ ಅಂದದ್ದು ಸುಳ್ಳು ಅಂತ ಹೇಳಿಬಿಟ್ಟ. ಯಾವ ಅಧ್ಯಾಯ, ಯಾಕೆ ಅಂತಲೂ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, ಆ ಅಧ್ಯಾಯ ಬಂದಾಗ ತಾನೂ ಬೇಗ ಬೇಗ ಓದಿ ಮುಂದೆ ಹೋಗಿಬಿಡುತ್ತೇನೆ ಅಂದರಂತೆ. ಇಷ್ಟು ವರ್ಷದಲ್ಲಿ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲವಂತೆ.

ಈಗ ಭಾನುವಾರದ ಫೋನು ಒಂದು ಗಂಟೆ ನಡೆಯುತ್ತದೆ. ತಾಯಿಮಗ ಇಬ್ಬರೂ ಯೋನನ ಪುಸ್ತಕ ಓದುತ್ತಿದ್ದಾರೆ. ಪಾತ್ರೆ ತೊಳೆಯೋ ಸರದಿ ಮಾತ್ರ ಇನ್ನೂ ನಮ್ಮದೇ.